ಅಟ್ಟ ಸೇರಿದ ಗೂಗಲ್ ಕಾಗದ

ನಮ್ಮ ಹಾಸನದ ಕಡೆ ದೊಡ್ಡ ಆಸೆ ಇಟ್ಟುಕೊಂಡವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬೆಂಗಳೂರು ಬಸ್ಸು ಹತ್ತುವುದು. ಕಾಸಿಲ್ಲದವನೂ ಹತ್ತುತ್ತಿದ್ದ, ಕಾಸಿದ್ದವನೂ ಹತ್ತುತ್ತಿದ್ದ. ಚನ್ನರಾಯಪಟ್ಟಣ ದಾಟುವ ತನಕ ಕಣ್ಣಲ್ಲಿ ನೀರು, ದಾಟಿದ ಮೇಲೆ ನಿದ್ದೆ. ಆಮೇಲೆ ಅವನು ಊರಿಗೆ ಬರುತ್ತಿದ್ದುದು ಗೌರಿ ಹಬ್ಬಕ್ಕೋ, ಮಾರ್ಲಮಿಗೋ, ವೋಟು ಹಾಕುವುದಕ್ಕೋ. ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರು ಮಾಡಿದ ಎಚ್.ಎಸ್. ತಿರುಮಲಾಚಾರ್ ನಮ್ಮ ಹಾಸನ ಸೀಮೆಯವರೇ. ಆವತ್ತಿನಿಂದ ಇವತ್ತಿನವರೆಗೂ ಬೆಂಗಳೂರಿನ ಯಾವ ಬಡಾವಣೆಗೆ ಹೋಗಿ ದಿಲ್‌ಪಸಂದ್ ಕೇಳಿ, ಖಾರಾ ಬನ್ ಕೇಳಿ, ಗಲ್ಲಾ ಮೇಲೆ ಕೂತವರ ಮಾತಿನಲ್ಲಿ ಹಾಸನ ಇಣುಕುತ್ತದೆ. ಬೋರ್ಡಿನ ಮೇಲೆ ಅಯ್ಯಂಗಾರ್, ಗಲ್ಲಾ ಹಿಂದೆ ಗೌಡರು, ಅದೇನೂ ಗುಟ್ಟಲ್ಲ. ನಾನು ಹುಡುಗನಾಗಿದ್ದಾಗ ಹೆಣ್ಣು ಕೊಡುವವರು ಗಂಡಿನ ವಿಚಾರ ಕೇಳಿದರೆ ‘ಬೆಂಗ್ಳೂರಲ್ಲಿ ಬೇಕರಿ ಮಡಗವ್ನೆ’ ಅಂದರೆ ಸಾಕಿತ್ತು, ಜಾತಕ ಆಮೇಲೆ.

ಈಗ ಕಾಲ ತಿರುಗಿದೆ. ನಾನು ವಾಣಿಜ್ಯಶಾಸ್ತ್ರದ ಮೇಷ್ಟ್ರು. ವರ್ಗಾವಣೆಯ ದಯೆಯಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದವನು. ಬಿ.ಕಾಂ. ಮೊದಲ ವರ್ಷದ ಮಕ್ಕಳನ್ನು ‘ಓದಿ ಏನಾಗಬೇಕು ಅಂತಿದ್ದೀರಪ್ಪಾ’ ಎಂದು ಕೇಳುವುದು ನನ್ನ ಹಳೆಯ ಚಾಳಿ. ಹಿಂದೆ ಉತ್ತರಗಳು ಬಾಯಿಪಾಠವಾಗಿದ್ದವು: ಬ್ಯಾಂಕು, ಪೊಲೀಸು, ಪಿಡಿಒ, ಎಸ್‌ಡಿಎ. ಈಗ ಹಿಂದಿನ ಬೆಂಚಿನಿಂದ ಒಂದು ಧ್ವನಿ ಬರುತ್ತದೆ, ‘ಆನ್‌ಲೈನ್ ಬಿಸಿನೆಸ್ ಸಾರ್.’

‘ಭೇಷ್. ಏನು ಮಾರ್ತೀಯ?’

‘ಅದಿನ್ನೂ ಡಿಸೈಡ್ ಮಾಡಿಲ್ಲ ಸಾರ್.’

ಮಾರುವ ಸರಕು ಗೊತ್ತಿಲ್ಲ, ಆದರೆ ಲೋಗೋ ಆಗಿದೆ. ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಕೆಳಗೆ ‘ಫೌಂಡರ್ ಅಂಡ್ ಸಿಇಒ’ ಎಂದು ಬರೆದುಕೊಂಡೂ ಆಗಿದೆ. ಹೀಗೆ ಹಾಜರಾತಿ ಕೊರತೆ ಇರುವ ಸಿಇಒಗಳು ಪ್ರತಿ ಸೆಮಿಸ್ಟರಿನಲ್ಲೂ ನನಗೆ ಸಿಗುತ್ತಾರೆ. ಇಂಟರ್ನಲ್ಸ್ ಅಂಕಕ್ಕೆ ಕೈಕಟ್ಟಿ ನಿಲ್ಲುವ ಸಿಇಒಗಳನ್ನು ನೋಡುವ ಭಾಗ್ಯ ಐಐಎಂ ಪ್ರೊಫೆಸರುಗಳಿಗೂ ಇರಲಾರದು.

ಹಾಸನದ ಸಾಲಗಾಮೆ ರಸ್ತೆಯ ಮಹಿಮೆಯನ್ನು ಇಲ್ಲಿ ಹೇಳಬೇಕು. ಅದೇ ರಸ್ತೆಯಲ್ಲಿ 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ. ಅದೇ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವೂ ಇದೆ, 1982ರಿಂದ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ‘ಸ್ವಲ್ಪ ಎಡಕ್ಕೆ ತಿರುಗು’ ಎಂದು ಹೇಳುವುದು ನಮ್ಮ ಹಾಸನದಿಂದ. ಆದರೆ ನಾನು ಪಾಠ ಮಾಡುವ ಕೊಠಡಿಯಲ್ಲಿ ಸಿಗ್ನಲ್ ಸಿಗಬೇಕಾದರೆ ಮೂರನೆಯ ಕಿಟಕಿಯ ಸರಳು ಹಿಡಿದು ನಿಲ್ಲಬೇಕು. 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂದಾಗ, ಕೃತಕ ಬುದ್ಧಿಮತ್ತೆಯನ್ನು ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ ಪುಣ್ಯಾತ್ಮರ ಪೈಕಿ ನಾನೂ ಒಬ್ಬ. ಮಕ್ಕಳು ಅದನ್ನು ಫೋಟೊ ಹೊಡೆದುಕೊಂಡರು. ಡಿಜಿಟಲ್ ಆದದ್ದು ಅಷ್ಟೇ.

ಈ ಕಿಟಕಿಯ ಬಳಿ ಸದಾ ನಿಂತಿರುತ್ತಿದ್ದವನು ಅರಕಲಗೂಡು ಕಡೆಯ ಒಬ್ಬ ಹುಡುಗ. ಎತ್ತುಗಳ ಚಾನೆಲ್ ಅವನದು. ಚುಂಚನಕಟ್ಟೆ ಜಾತ್ರೆಗೆ ಹೋಗಿ ಹಳ್ಳಿಕಾರ್ ಜೋಡಿಗಳ ಹಲ್ಲು, ಸುಳಿ, ಕೊಂಬು ತೋರಿಸಿ, ಮಾಲೀಕರನ್ನು ಮಾತಾಡಿಸಿ, ‘ಏನಣ್ಣ, ಎಷ್ಟು ಹೇಳ್ತಿದ್ದೀರ ಜೋಡಿಗೆ’ ಎಂದು ಕೇಳಿ ಯೂಟ್ಯೂಬಿಗೆ ಹಾಕುತ್ತಿದ್ದ. ಅವನ ಕ್ಯಾಮೆರಾ ನಡುಗುತ್ತಿತ್ತು, ಎತ್ತು ನಡುಗುತ್ತಿರಲಿಲ್ಲ. ಆದರೆ ಯೂಟ್ಯೂಬಿನವರದು ಒಂದು ಕಟ್ಟಳೆ ಇದೆ: 2018ರಿಂದ, ಜಾಹೀರಾತಿನ ದುಡ್ಡು ಬೇಕಾದರೆ ಸಾವಿರ ಜನ ಸಬ್‌ಸ್ಕ್ರೈಬ್ ಆಗಬೇಕು, ಹನ್ನೆರಡು ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. ಸಾವಿರ ಜನ ದೊಡ್ಡ ವಿಷಯವಲ್ಲ. ಒಂದು ಬೀಗರ ಊಟ, ಒಂದು ಜಾತ್ರೆ, ಕಾಲೇಜಿನ ಅಟೆಂಡರಿಂದ ಪ್ರಿನ್ಸಿಪಾಲರ ತನಕ ಎಲ್ಲರ ಫೋನು ಕಸಿದುಕೊಂಡು ಒತ್ತಿದರೆ ಆಯಿತು. ನನ್ನದೂ ಒತ್ತಿಸಿಕೊಂಡ. ಕಷ್ಟ ಇರುವುದು ಗಂಟೆಗಳಲ್ಲಿ. ಅದಕ್ಕೆ ಅವನು ಅಜ್ಜಿಯ ಫೋನಿನಲ್ಲಿ ತನ್ನದೇ ವಿಡಿಯೊ ಹಾಕಿ ರಾತ್ರಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಿದ್ದನಂತೆ. ಅಜ್ಜಿ ನಿದ್ದೆ ಮಾಡುತ್ತಿತ್ತು, ಕೊಟ್ಟಿಗೆಯ ಹಸು ಚುಂಚನಕಟ್ಟೆ ಎತ್ತುಗಳನ್ನು ನೋಡುತ್ತಿತ್ತು. ಇಂಥ ಅಡ್ಡದಾರಿಯನ್ನು ಅವರು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ, ಹುಡುಗನಂತೂ ಜಾತ್ರೆಯಿಂದ ಜಾತ್ರೆಗೆ ಅಲೆದು ಗಂಟೆಗಳನ್ನು ಕೂಡಿಸಿಯೇಬಿಟ್ಟ.

ಆಮೇಲಿನದು ಗೂಗಲ್ ಆಡ್‌ಸೆನ್ಸ್. ಖಾತೆಯಲ್ಲಿ ಹತ್ತು ಡಾಲರ್ ಸೇರಿದ ಮೇಲೆ ಗೂಗಲ್ ಒಂದು ಕೆಲಸ ಮಾಡುತ್ತದೆ. ಇಡೀ ಲೋಕವನ್ನು ಬೆರಳ ತುದಿಗೆ ತಂದ ಆ ಕಂಪನಿ ಆರು ಅಂಕಿಯ ಒಂದು ಪಿನ್ ಸಂಖ್ಯೆಯನ್ನು ಕಾಗದದ ಮೇಲೆ ಅಚ್ಚು ಹಾಕಿ, ಲಕೋಟೆ ಮುಚ್ಚಿ, ಅಂಚೆಯಲ್ಲಿ ಕಳಿಸುತ್ತದೆ. ನೀನು ಹೇಳಿದ ವಿಳಾಸದಲ್ಲಿ ನೀನು ನಿಜವಾಗಿ ಇದ್ದೀಯಾ ಎಂಬ ಪರೀಕ್ಷೆ. ಎರಡರಿಂದ ನಾಲ್ಕು ವಾರ ಕಾಯಬೇಕು. ನಾಲ್ಕು ತಿಂಗಳೊಳಗೆ ಆ ಅಂಕಿ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ನೂರು ಡಾಲರ್ ಆಗದೆ ಕೈಗೆ ಕಾಸು ಬರುವುದಿಲ್ಲ, ಅದು ಬೇರೆ ಮಾತು. ಹುಡುಗ ಕಾದ. ಬರಲಿಲ್ಲ. ಮತ್ತೆ ಕಳಿಸಿ ಎಂದು ಕೋರಿದ. ಬರಲಿಲ್ಲ. ಪೋಸ್ಟ್‌ಮ್ಯಾನ್ ಜೊತೆ ಜಗಳವಾಡಿದ. ಅವನು ‘ಕೊಟ್ಟಿದ್ದೀನಿ ಕಣ್ಲಾ’ ಎಂದು ಎದೆ ಮುಟ್ಟಿ ಹೇಳಿದ.

ಆ ಹೊತ್ತಿಗೆ ಸರಿಯಾಗಿ ನಾವು ಹಾಜರಾತಿ ಕೊರತೆಯವರ ತಂದೆಯರನ್ನು ಕರೆಸಿದ್ದೆವು. ಇವನ ತಂದೆಯೂ ಬಂದರು. ಟವೆಲ್ಲು ಕೊಡವಿ, ಕುರ್ಚಿಯ ತುದಿಯಲ್ಲಿ ಕೂತು, ಜೇಬಿನಿಂದ ಮಡಿಸಿದ ಲಕೋಟೆಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು.

‘ಸಾ, ಇವ್ನು ಎಲ್ಲೆಲ್ಲಿ ಸಾಲ ಮಾಡವ್ನೋ ಒಸಿ ಕೇಳಿ. ಇವ್ನ ಹೆಸ್ರಲ್ಲೂ ನೋಟೀಸ್ ಬತ್ತಾವೆ. ಮನೇಲಿ ಗೊತ್ತಾದ್ರೆ ಅವ್ವ ಅಳ್ತದೆ ಅಂತ ಅಟ್ಟದ ಮ್ಯಾಲೆ ಮಡಗಿದ್ದೆ.’

‘ಗೌಡ್ರೇ, ಇದು ನೋಟೀಸು ಅಂತ ಯಾರು ಹೇಳಿದ್ರು?’

‘ಇಂಗ್ಲೀಸಲ್ಲಿ ಅದೆಯಲ್ಲ ಸಾ. ನಮ್ ಮನೆಗೆ ಇಂಗ್ಲೀಸ್ ಕಾಗ್ದ ಬರೋದು ಬ್ಯಾಂಕಿಂದ ಮಾತ್ರ.’

ಅವರ ಹೆದರಿಕೆಯಲ್ಲಿ ತಪ್ಪಿಲ್ಲ. ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆದವರಿಗೆ ಲಕೋಟೆ ಕಂಡರೆ ಎದೆ ನಡುಗುವುದು ಅನುಭವದಿಂದ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಲಾರಿಯಲ್ಲಿ ಹಾಸನದ ಎಪಿಎಂಸಿಗೆ ಬರಬೇಕು. ಮುಂಗಾರು ಬಿದ್ದ ಕೂಡಲೇ ಗೆಡ್ಡೆ ಕೊಯ್ದು ಬಿತ್ತಬೇಕು. ಮಳೆ ಕಮ್ಮಿಯಾದರೆ ಗೆಡ್ಡೆ ಕಟ್ಟುವುದಿಲ್ಲ, ಜಾಸ್ತಿಯಾಗಿ ಮೋಡ ಕವಿದರೆ ಅಂಗಮಾರಿ. ರಾತ್ರಿ ಹಸಿರಾಗಿದ್ದ ಹೊಲ ನಾಲ್ಕು ದಿನದಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತದೆ. ಅದು ಹೋದರೆ ತಂಬಾಕು ಇದೆಯಲ್ಲ ಎಂದುಕೊಂಡರೆ, ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಮುಂದಿಟ್ಟುಕೊಂಡು ಕಂಪನಿಯವರು ಏನು ಕೂಗುತ್ತಾರೋ ಎಂದು ಬಾಯಿ ನೋಡುತ್ತ ನಿಲ್ಲಬೇಕು. ಆ ತಂದೆ ಮಗನಿಗೆ ‘ಮೊಬೈಲ್ ನಂಬ್ಕಂಡು ಬದುಕಾಕಾಯ್ತದಾ’ ಎಂದು ನನ್ನೆದುರೇ ಬೈದಾಗ, ಮಗ ತಲೆ ಎತ್ತದೆ ಹೇಳಿದ, ‘ಅಪ್ಪ, ನೀನು ಜಲಂಧರದಿಂದ ಗೆಡ್ಡೆ ತರಿಸಿ ಮೋಡ ನೋಡ್ತಿಯ. ನಾನು ಏನೂ ತರಿಸ್ದೆ ಮೊಬೈಲ್ ನೋಡ್ತೀನಿ. ನಂದ್ರಲ್ಲಿ ಸಾಲ ಇಲ್ಲ.’

ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಲಕೋಟೆ ಹರಿದೆ. ಆರು ಅಂಕಿ ಇದ್ದವು. ಹುಡುಗ ಫೋನು ಹಿಡಿದು ಕಿಟಕಿಯ ಕಡೆ ಓಡಿದ. ತಂದೆಯೂ ಹಿಂದೆಯೇ ಹೋಗಿ, ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೂ, ಮಗನ ಭುಜದ ಮೇಲಿಂದ ಇಣುಕಿದರು. ಹಾಜರಾತಿ ವಿಚಾರ ಆವತ್ತು ಇತ್ಯರ್ಥವಾಗಲಿಲ್ಲ.

ಹೀಗೆ ಜನರನ್ನೇ ನಂಬಿ ಬದುಕಹೊರಡುವುದು ಅರಕಲಗೂಡಿಗೆ ತೀರಾ ಹೊಸದೂ ಅಲ್ಲ ಎನ್ನಿ. ಹೆಸರಿನಲ್ಲೇ ಅರಕಲಗೂಡು ಹೊತ್ತ ಅ.ನ.ಕೃಷ್ಣರಾಯರು ನೌಕರಿಯ ಹಂಗಿಲ್ಲದೆ ಬರೆದೇ ಬದುಕುತ್ತೇನೆ ಎಂದು ಹೊರಟು ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಜನ ಓದಿದರೆ ಊಟ, ಓದದಿದ್ದರೆ ಇಲ್ಲ. ಈ ಹುಡುಗರ ಲೆಕ್ಕವೂ ಅದೇ. ಕಾದಂಬರಿಯ ಬದಲು ಎತ್ತು, ಓದುಗರ ಬದಲು ವ್ಯೂಸು. ಅ.ನ.ಕೃ. ಇದ್ದಿದ್ದರೆ ನನ್ನ ಈ ಹೋಲಿಕೆಗೆ ಸಿಡುಕುತ್ತಿದ್ದರೋ ನಗುತ್ತಿದ್ದರೋ!

ಇನ್ನು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ‘ಸೂರರೈ ಪೋಟ್ರು’ ಸಿನಿಮಾವನ್ನು ನನ್ನ ವಿದ್ಯಾರ್ಥಿಗಳು ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಸೂರ್ಯನ ಡೈಲಾಗು ಒಪ್ಪಿಸುತ್ತಾರೆ. ಆ ಕಥೆಯ ಮೂಲ ಮನುಷ್ಯ ಹೇಮಾವತಿ ದಂಡೆಯ ಗೊರೂರಿನಲ್ಲಿ ಬೆಳೆದವರು, ಸೇನೆ ಬಿಟ್ಟು ಬಂದು, ಅಣೆಕಟ್ಟಿಗೆ ಮುಳುಗಿದ ಜಮೀನಿನ ಬದಲಿಗೆ ಸಿಕ್ಕ ಜಾವಗಲ್ ಕಡೆಯ ಬರಡು ನೆಲದಲ್ಲಿ ಟೆಂಟು ಹಾಕಿಕೊಂಡು ರೇಷ್ಮೆ ಬೆಳೆದವರು, ಇದೇ ಹಾಸನದಲ್ಲಿ ಎನ್‌ಫೀಲ್ಡ್ ಡೀಲರ್‌ಶಿಪ್ ಮಾಡಿ, ಹೋಟೆಲ್ ನಡೆಸಿ, ಆಮೇಲೆ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದವರು ಎಂದರೆ ‘ಹೌದಾ ಸಾರ್, ನಮ್ಮೋರಾ?’ ಎನ್ನುತ್ತಾರೆ. ವಿಮಾನದ ಭಾಗ ಎಲ್ಲರಿಗೂ ಗೊತ್ತು. ಹೋಟೆಲ್ ನಡೆಸಿದ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದ ವರ್ಷಗಳನ್ನು ರೀಲ್ಸಿನಲ್ಲಿ ಯಾರೂ ತೋರಿಸುವುದಿಲ್ಲ. ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕಲ್ಲ.

ರೀಲ್ಸಿನಲ್ಲಿ ಬರುವ ಗುರುಗಳದು ಇನ್ನೊಂದು ಕಥೆ. ‘ತಿಂಗಳಿಗೆ ಲಕ್ಷ ದುಡಿಯುವುದು ಹೇಗೆ’ ಎಂದು ಕಲಿಸಲು 499 ರೂಪಾಯಿ ತೆಗೆದುಕೊಳ್ಳುತ್ತಾರೆ. ಹೇಗೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ: ಹೀಗೆ. ಅವರನ್ನಾದರೂ ಕ್ಷಮಿಸಬಹುದು. ‘ನಿನ್ನ ಬ್ಯಾಂಕ್ ಅಕೌಂಟು, ಸಿಮ್ಮು, ಎಟಿಎಂ ಕಾರ್ಡು ಕೊಡು, ಸುಮ್ಮನೆ ಕೂತಲ್ಲೇ ಕಮಿಷನ್’ ಎಂದು ಟೆಲಿಗ್ರಾಂನಲ್ಲಿ ಬಲೆ ಬೀಸುವವರನ್ನು ಕ್ಷಮಿಸಲಾಗದು. ಯಾರದೋ ಮುದುಕರನ್ನು ಹೆದರಿಸಿ ಕಿತ್ತ ದುಡ್ಡು ಹುಡುಗನ ಖಾತೆಯಲ್ಲಿ ಹಾದುಹೋಗುತ್ತದೆ; ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಸ್ಕಾಲರ್‌ಶಿಪ್ಪಿಗೆಂದು ತೆರೆದ ಖಾತೆ ಅದು. ಈ ವಿಷಯ ಬಂದಾಗ ನಾನು ಕ್ಲಾಸಿನಲ್ಲಿ ನಗೆಚಾಟಿಕೆ ನಿಲ್ಲಿಸುತ್ತೇನೆ.

ಹೊಳೆನರಸೀಪುರದಿಂದ ಹಾಸನಕ್ಕೆ ಓಡಾಡುತ್ತಿದ್ದ ಹುಡುಗಿಯೊಬ್ಬಳಿಗೆ ಲೋಗೋ ಇರಲಿಲ್ಲ, ಸಿಇಒ ಪಟ್ಟವೂ ಇರಲಿಲ್ಲ. ಹರದನಹಳ್ಳಿಯಿಂದ ಒಬ್ಬರು ಎದ್ದುಹೋಗಿ 1996ರಲ್ಲಿ ದೆಹಲಿಯ ಗದ್ದುಗೆ ಹತ್ತಿದ್ದನ್ನು ಕಂಡ ತಾಲ್ಲೂಕು ಅದು, ಅಲ್ಲಿ ಯಾವ ಆಸೆಗೂ ಜನ ಹುಬ್ಬೇರಿಸುವುದಿಲ್ಲ. ಇವಳ ಆಸೆ ಮಾತ್ರ ಸಣ್ಣದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಚಾರ್ಜು ಉಳಿಯಿತು. ಆ ಬಸ್ಸೇ ಇವಳ ಅಂಗಡಿಯಾಯಿತು. ಆಪ್‌ನಿಂದ ಸೀರೆಯ ಫೋಟೊ ಇಳಿಸಿಕೊಂಡು ವಾಟ್ಸ್‌ಆಪ್ ಸ್ಟೇಟಸ್ಸಿಗೆ ಹಾಕುವುದು, ಮೇಲೆ ಐವತ್ತು ರೂಪಾಯಿ ಇಟ್ಟು ಸಂಘದ ಹೆಂಗಸರಿಗೆ ಹೇಳುವುದು, ಆರ್ಡರ್ ಹಾಕುವುದು. ಸೀರೆ ಸೂರತ್ತಿಂದಲೋ ಎಲ್ಲಿಂದಲೋ ನೇರ ಗಿರಾಕಿಯ ಮನೆಗೆ. ಇವಳು ಆ ಸೀರೆಯನ್ನು ಕೈಯಲ್ಲಿ ಮುಟ್ಟುವುದೂ ಇಲ್ಲ. ನಾನು ‘ಬ್ರೇಕ್ ಈವನ್ ಪಾಯಿಂಟ್’ ಎಂದು ಬೋರ್ಡಿನ ಮೇಲೆ ಗೀಟು ಹಾಕುವಾಗ ಅವಳು ಕೊನೆಯ ಸಾಲಿನಲ್ಲಿ ಕೂತು ಅದನ್ನು ಬಾಯಲ್ಲೇ ಲೆಕ್ಕ ಹಾಕಿರುತ್ತಿದ್ದಳು.

ಒಂದು ದಿನ ಮುಖ ಚಿಕ್ಕದು ಮಾಡಿಕೊಂಡು ಬಂದಳು. ಕಂತೆಗಟ್ಟಲೆ ಸೀರೆ ವಾಪಸ್ ಬಂದಿದ್ದವಂತೆ. ಕೊರಿಯರ್ ಹುಡುಗ ಬಾಗಿಲಿಗೆ ಹೋದಾಗ ಒಬ್ಬರು ‘ಬಣ್ಣ ಫೋಟೊದಲ್ಲಿದ್ದಂಗಿಲ್ಲ’ ಅಂದರು, ಒಬ್ಬರು ‘ಯಜಮಾನ್ರು ಮನೇಲಿಲ್ಲ’ ಅಂದರು, ಒಬ್ಬರು ‘ನಾನು ಸುಮ್ನೆ ನೋಡಾನ ಅಂತ ತರಿಸ್ದೆ’ ಅಂದರು. ಮೂರನೆಯವರು ಇವಳ ಸ್ವಂತ ಚಿಕ್ಕಮ್ಮ. ಮಾಲು ವಾಪಸಾದರೆ ಇವಳ ಐವತ್ತು ರೂಪಾಯಿ ಹೋಯಿತು. ‘ಚಿಕ್ಕಮ್ಮಂಗೆ ಏನಂದೆ?’ ಎಂದು ಕೇಳಿದೆ. ‘ಏನಂತ ಹೇಳ್ಲಿ ಸಾರ್, ನಾಳೆ ಹಬ್ಬಕ್ಕೆ ಅವ್ರ ಮನೆಗೇ ಹೋಗ್ಬೇಕು.’ ಆದರೂ ಆ ವರ್ಷದ ಪರೀಕ್ಷೆ ಫೀಸನ್ನು ಅಪ್ಪನ ಮುಂದೆ ಕೈಚಾಚದೆ ಕಟ್ಟಿದಳು. ಚಲನ್ ತೋರಿಸುವಾಗ ಅವಳ ಮುಖದಲ್ಲಿದ್ದ ಠೀವಿಯನ್ನು ನಾನು ರ‍್ಯಾಂಕ್ ಬಂದವರ ಮುಖದಲ್ಲೂ ನೋಡಿಲ್ಲ.

ಚನ್ನರಾಯಪಟ್ಟಣದವನದು ಕೊಬ್ಬರಿ. ಅಟ್ಟದ ಮೇಲೆ ಕಾಯಿ ಹರಡಿ, ನೀರು ಇಂಗಿ, ಒಳಗೆ ಉಂಡೆ ಕಳಚಿಕೊಂಡು ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ ಹತ್ತು ಹನ್ನೆರಡು ತಿಂಗಳು ಕಾಯುವ ವ್ಯಾಪಾರ ಅದು. 2025ಕ್ಕೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತು. ಮಾರುಕಟ್ಟೆ ಅದನ್ನು ಎಲ್ಲೋ ಹಿಂದೆ ಬಿಟ್ಟು ಓಡಿತು. ಅದರ ಹಿಂದಿನ ವರ್ಷಗಳಲ್ಲಿ ಅದೇ ಮಾರುಕಟ್ಟೆ ಕುಸಿದು ಕೂತಿತ್ತು. ಹುಡುಗ ಮಂಡಿಗೆ ಹಾಕುವ ಬದಲು ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಮಾಡಿ ತಾನೇ ಮಾರುತ್ತೇನೆ ಎಂದ. ಆಹಾರ ಸುರಕ್ಷತೆಯ ನೋಂದಣಿಗೆ ವರ್ಷಕ್ಕೆ ನೂರು ರೂಪಾಯಿ ಕಟ್ಟಿ ನಂಬರು ತಂದ. ಮೊದಲ ಗಿರಾಕಿ ಯಾರು? ಬೆಂಗಳೂರಿನಲ್ಲಿ ಬೇಕರಿ ಮಡಗಿರುವ ಸೋದರಮಾವ. ಎರಡನೆಯ ಗಿರಾಕಿ, ಆ ಬೇಕರಿಯ ಗಲ್ಲಾ ಮೇಲಿಟ್ಟ ಪ್ಯಾಕೆಟ್ಟು ನೋಡಿ ನಂಬರು ಬರೆದುಕೊಂಡವರು. ಅಂದರೆ 1898ರಿಂದ ಊರು ಬಿಟ್ಟವರು ಹಾಕಿಟ್ಟ ಜಾಡಿನಲ್ಲೇ ಈ ಆನ್‌ಲೈನ್ ಗಾಡಿ ಓಡುತ್ತಿದೆ. ನಾನು ಕಂಡಂತೆ ನೆಲೆ ನಿಂತ ವ್ಯಾಪಾರಗಳೆಲ್ಲ ಹೀಗೆ ಅಡಿಯಲ್ಲಿ ಏನಾದರೂ ಇದ್ದಂಥವು: ಕೊಬ್ಬರಿ, ತುಪ್ಪ, ಎತ್ತು, ಒಬ್ಬ ಮಾವ. ಬರೀ ಲೋಗೋ ಇದ್ದವು ಮುಂದಿನ ಸೆಮಿಸ್ಟರಿನ ಹೊತ್ತಿಗೆ ಹೆಸರು ಬದಲಾಯಿಸಿಕೊಂಡಿದ್ದವು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಎದ್ದವು. ಮಾವನ ಕಳವಳ ಅಳಿಯನಿಗೂ ಮುಟ್ಟಿತು. ಅವನು ಬಂದು ಕೇಳಿದ, ‘ನಂಗೂ ನೋಟೀಸ್ ಬರುತ್ತಾ ಸಾರ್?’ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಬೇಕು ಕಣಯ್ಯಾ, ನಿನ್ನದು ಎಷ್ಟಾಗಿದೆ ಎಂದೆ. ಹೇಳಿದ. ನಾನು ನಗು ತಡೆದುಕೊಂಡೆ. ‘ಹಂಗಾರೆ ಬರಲ್ವಾ?’ ಎಂದು ಕೇಳಿದ ಅವನ ದನಿಯಲ್ಲಿ ನೆಮ್ಮದಿ ಇರಲಿಲ್ಲ, ನಿರಾಸೆ ಇತ್ತು. ಸರ್ಕಾರ ತನ್ನನ್ನೂ ಒಬ್ಬ ವ್ಯಾಪಾರಿ ಅಂತ ಗುರುತಿಸಿ ಒಂದು ಕಾಗದ ಬರೆಯಲಿ ಎಂದು ಆಸೆಪಟ್ಟ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಇವರನ್ನೆಲ್ಲ ಗೇಲಿ ಮಾಡುವುದು ಸುಲಭ, ಸ್ಟಾಫ್ ರೂಮಿನಲ್ಲಿ ದಿನಾ ಮಾಡುತ್ತೇವೆ. ಆದರೆ ಸಂಜೆ ನನ್ನ ಹುಟ್ಟೂರಿಗೆ ಹೋದಾಗ ಬೀದಿಯಲ್ಲಿ ಬೀಗ ಹಾಕಿದ ಮನೆಗಳ ಮುಂದೆ ನಡೆಯುತ್ತೇನೆ. ನನ್ನ ಜೊತೆ ಗೋಲಿ ಆಡಿದವರ ಮನೆಗಳು. ಒಬ್ಬನದು ಬೇಕರಿ, ಒಬ್ಬ ಪೀಣ್ಯದಲ್ಲಿ ಲೇತ್ ಹಿಡಿದ, ಒಬ್ಬ ಕ್ಯಾಬ್ ಓಡಿಸುತ್ತಾನೆ. ಯಾರೂ ಕೆಟ್ಟಿಲ್ಲ, ಚೆನ್ನಾಗಿಯೇ ಇದ್ದಾರೆ. ಅವರ ತಾಯಂದಿರು ಮಾತ್ರ ಜಗಲಿಯ ಮೇಲೆ ಕೂತು ‘ಯಾವಾಗ ಬಂದ್ಯಪ್ಪ’ ಎಂದು ನನ್ನನ್ನು ಕೇಳುತ್ತಾರೆ, ಕೇಳಬೇಕಾದದ್ದು ಬೇರೆಯವರನ್ನು. ಕಿಟಕಿಯ ಸರಳು ಹಿಡಿದು ನಿಂತ ನನ್ನ ಹುಡುಗರ ಆಸೆಯ ಒಳಗೆ ಕೋಟಿಯ ಲೆಕ್ಕಕ್ಕಿಂತ ದೊಡ್ಡದಾಗಿ ಇರುವುದು ಇದು: ದುಡಿಯಬೇಕು, ಆದರೆ ರಾತ್ರಿ ನಮ್ಮ ಮನೆಯಲ್ಲೇ ಮಲಗಬೇಕು. ಇಷ್ಟು ವರ್ಷದಲ್ಲಿ ನಮ್ಮ ಜಿಲ್ಲೆಯ ಹುಡುಗರು ಊರು ಬಿಡದೆ ದೊಡ್ಡವರಾಗುವ ಕನಸು ಕಾಣುತ್ತಿರುವುದು ಇದೇ ಮೊದಲು ಅಂತ ನನಗನ್ನಿಸುತ್ತದೆ. ಬಹಳ ಮಂದಿಗೆ ಕೈಗೂಡುವುದಿಲ್ಲ; ಮೂರನೆಯ ವರ್ಷ ಮುಗಿದ ಮೇಲೆ ಅವರೂ ಬಸ್ಸು ಹತ್ತುತ್ತಾರೆ. ಹತ್ತಲಿ. ಅಲ್ಲಿಯ ತನಕವಾದರೂ ನೋಡಲಿ.

ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮ ನಂಟರ ಹುಡುಗಿಯೋ ಪಕ್ಕದ ಮನೆಯ ಹುಡುಗನೋ ಸೀರೆಯದೋ ಕೊಬ್ಬರಿಯದೋ ಫೋಟೊ ಕಳಿಸಿದರೆ, ಬೇಡವಾದರೆ ಆಗಲೇ ಬೇಡ ಎಂದುಬಿಡಿ. ಕ್ಯಾಶ್ ಆನ್ ಡೆಲಿವರಿ ಅಂತ ತರಿಸಿಕೊಂಡು ಬಾಗಿಲಿಂದ ವಾಪಸ್ ಕಳಿಸಬೇಡಿ. ಮನೆಗೆ ಇಂಗ್ಲಿಷಿನಲ್ಲಿ ಕಾಗದ ಬಂದರೆ ಅಟ್ಟಕ್ಕೆ ಹಾಕುವ ಮುಂಚೆ ಮಕ್ಕಳಿಗೆ ಒಂದು ಸಲ ತೋರಿಸಿ.